ಪ್ರೊಟೊಟೈಪಿಗೂ ಬೇಕು ಮುಕ್ತ ಶಿಷ್ಟತೆ

ತಂತ್ರಾಂಶದ ಪ್ರೊಟೊಟೈಪ್ ಎಂದರೆ ಐಡಿಯಾ ನಡೆಯುತ್ತದೋ ಇಲ್ಲವೋ ಎಂದು ನೋಡಲು ಬೇಗಬೇಗ ಕಟ್ಟಿದ ಮಾದರಿ. ನೋಡಿಯಾದ ಮೇಲೆ ಅದನ್ನು ಪಕ್ಕಕ್ಕಿಟ್ಟು ಹೊಸದಾಗಿ, ಭದ್ರವಾಗಿ ಕಟ್ಟಬೇಕು ಎಂದು ಕಾಲೇಜಿನಲ್ಲಿ ಕಲಿಸುತ್ತಾರೆ. ಫ್ರೆಡ್ ಬ್ರೂಕ್ಸ್ 1975ರಲ್ಲಿ 'ದಿ ಮಿಥಿಕಲ್ ಮ್ಯಾನ್-ಮಂತ್' ಪುಸ್ತಕದಲ್ಲಿ ಕೊಟ್ಟ ಸಲಹೆಯೂ ಅದೇ ಆಗಿತ್ತು: ಮೊದಲನೆಯದನ್ನು ಬಿಸಾಡುವ ಲೆಕ್ಕದಲ್ಲೇ ಕೆಲಸ ಯೋಜಿಸಿ. ಇಪ್ಪತ್ತು ವರ್ಷದ ನಂತರ, 1995ರ ಆವೃತ್ತಿಯಲ್ಲಿ, ಆ ಸಲಹೆ ಸರಿಯಾಗಿರಲಿಲ್ಲ ಎಂದು ಅವರೇ ಬರೆದರು. ತಂತ್ರಾಂಶವನ್ನು ಹಂತ ಹಂತವಾಗಿ ಬೆಳೆಸುವ ಪದ್ಧತಿಯ ಕಡೆಗೆ ಅವರು ಅಷ್ಟು ಹೊತ್ತಿಗೆ ವಾಲಿದ್ದರು. ಈ ಉದ್ಯಮದಲ್ಲಿ ದುಡಿಯುವ ಯಾರನ್ನು ಕೇಳಿದರೂ ಅನುಭವ ಇದೇ. ಡೆಮೊಗೆಂದು ಮಾಡಿದ್ದು ಯಾರಿಗೋ ಇಷ್ಟವಾಗುತ್ತದೆ, ನಾಲ್ಕು ಜನ ಬಳಸತೊಡಗುತ್ತಾರೆ, ಅವರ ಮಾಹಿತಿ ಅದರೊಳಗೆ ತುಂಬಿಕೊಳ್ಳುತ್ತದೆ. ಆಮೇಲೆ ಅದನ್ನು ಬಿಸಾಡುವ ಧೈರ್ಯ ಯಾರಿಗೂ ಬರುವುದಿಲ್ಲ.

ಇಂಥ ಅವಸರದ ಮಾದರಿಗೆ ಮುಕ್ತ ಶಿಷ್ಟತೆಗಳ, ಅಂದರೆ ಓಪನ್ ಸ್ಟ್ಯಾಂಡರ್ಡ್‌ಗಳ, ಶಿಸ್ತು ಬೇಕೆ? ಬೇಡ ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಶಿಷ್ಟತೆಯ ದಾಖಲೆ ಓದಿ ಅರ್ಥಮಾಡಿಕೊಳ್ಳುವ ಹೊತ್ತಿನಲ್ಲಿ ಮಾದರಿಯೇ ಸಿದ್ಧವಾಗಿರುತ್ತದೆ. ಐಡಿಯಾ ಉಳಿಯುವುದೇ ಅನುಮಾನವಿರುವಾಗ ಹತ್ತು ವರ್ಷದ ಮುಂದಿನ ಹೊಂದಾಣಿಕೆಯ ಚಿಂತೆ ಏಕೆ ಎಂಬುದು ಅವರ ಪ್ರಶ್ನೆ. ಬೇಕು ಎನ್ನುವವರು ಹೇಳುವುದು, ಆಮೇಲೆ ಸೇರಿಸುತ್ತೇವೆ ಎಂದವರು ಯಾರೂ ಸೇರಿಸಿಲ್ಲ ಎಂದು. ನಾನು ಈ ಎರಡನೆಯವರ ಕಡೆ, ಆದರೆ ಒಂದು ತಿದ್ದುಪಡಿಯೊಂದಿಗೆ. ಪ್ರೊಟೊಟೈಪಿನ ಒಳಗೆ ಏನು ಬೇಕಾದರೂ ಇರಲಿ: ಅರೆಬರೆ ಕೋಡ್, ಯಾವ ಭಾಷೆಯಾದರೂ ಸರಿ, ಯಾವ ಲೈಬ್ರರಿಯಾದರೂ ಸರಿ. ಆದರೆ ಹೊರಗಿನ ಜಗತ್ತಿನೊಂದಿಗೆ ಅದು ಮಾತಾಡುವ ಕಡೆ, ಅಂದರೆ ಅಕ್ಷರ, ದಿನಾಂಕ, ಸ್ಥಳ, ವ್ಯಕ್ತಿಯ ವಿವರ, ಇನ್ನೊಂದು ತಂತ್ರಾಂಶಕ್ಕೆ ಕಳಿಸುವ ಸಂದೇಶ ಇವುಗಳಲ್ಲಿ, ಮೊದಲ ದಿನದಿಂದಲೇ ಮುಕ್ತ ಶಿಷ್ಟತೆ ಇರಬೇಕು. ಕೋಡನ್ನು ಯಾವಾಗ ಬೇಕಾದರೂ ಹೊಸದಾಗಿ ಬರೆಯಬಹುದು. ತಪ್ಪು ರೂಪದಲ್ಲಿ ಒಮ್ಮೆ ಶೇಖರವಾದ ಡೇಟಾವನ್ನು ಸರಿಪಡಿಸುವುದು ಎಷ್ಟೋ ಸಲ ಅಸಾಧ್ಯ, ಏಕೆಂದರೆ ಮೂಲದಲ್ಲಿ ಏನಿತ್ತು ಎಂಬುದೇ ಅಳಿಸಿಹೋಗಿರುತ್ತದೆ.

ಮುಕ್ತ ಶಿಷ್ಟತೆ ಯಾವುದು ಎಂಬುದರಲ್ಲೇ ಭಿನ್ನಾಭಿಪ್ರಾಯವಿದೆ. ದಾಖಲೆ ಎಲ್ಲರಿಗೂ ಸಿಗಬೇಕು, ಅದನ್ನು ರೂಪಿಸುವ ಕೆಲಸದಲ್ಲಿ ಪಾಲ್ಗೊಳ್ಳಲು ಅವಕಾಶವಿರಬೇಕು ಎಂಬಲ್ಲಿಯವರೆಗೆ ತಕರಾರಿಲ್ಲ. ಪೇಟೆಂಟಿನ ಮಾತು ಬಂದಾಗ ದಾರಿ ಎರಡಾಗುತ್ತದೆ. ನ್ಯಾಯವಾದ ದರಕ್ಕೆ ಪರವಾನಗಿ ಸಿಕ್ಕರೆ ಸಾಕು ಎನ್ನುವವರು ಒಂದು ಕಡೆ, ರಾಯಧನವೇ ಇರಬಾರದು ಎನ್ನುವವರು ಇನ್ನೊಂದು ಕಡೆ. ವೆಬ್‌ನ ಶಿಷ್ಟತೆಗಳನ್ನು ರೂಪಿಸುವ ಡಬ್ಲ್ಯು3ಸಿ 2004ರಲ್ಲಿ ರಾಯಧನರಹಿತ ನೀತಿಯನ್ನು ಅಂಗೀಕರಿಸಿತು. ಭಾರತ ಸರ್ಕಾರ 2010ರ ನವೆಂಬರಿನಲ್ಲಿ ಪ್ರಕಟಿಸಿದ ಇ-ಆಡಳಿತದ ಮುಕ್ತ ಶಿಷ್ಟತೆಗಳ ನೀತಿಯೂ ಅದೇ ಕಡೆಗೆ ನಿಂತಿತು. ಪ್ರೊಟೊಟೈಪ್ ಮಾಡುವವರಿಗೆ ಇದು ವಕೀಲರ ವಿಷಯ ಅನ್ನಿಸಬಹುದು. ಜಿಫ್ ಚಿತ್ರಗಳ ಕಥೆ ಗೊತ್ತಿದ್ದವರಿಗೆ ಹಾಗನ್ನಿಸುವುದಿಲ್ಲ. ಕಂಪ್ಯುಸರ್ವ್ ಕಂಪನಿ 1987ರಲ್ಲಿ ಜಿಫ್ ಹೊರತಂದಾಗ ಎಲ್ಲರೂ ಅದನ್ನು ಧಾರಾಳವಾಗಿ ಬಳಸಿದರು. ಅದರೊಳಗಿನ ಸಂಕೋಚನ ವಿಧಾನದ ಪೇಟೆಂಟ್ ಯುನಿಸಿಸ್ ಕಂಪನಿಯದು ಎಂಬುದು, ಅದಕ್ಕೆ ಹಣ ಕೊಡಬೇಕು ಎಂಬುದು 1994ರ ಡಿಸೆಂಬರಿನಲ್ಲಿ ಬಹಿರಂಗವಾಯಿತು. ಆ ಕೋಪದಲ್ಲೇ ಹುಟ್ಟಿದ ಪಿಎನ್‌ಜಿ 1996ರ ಅಕ್ಟೋಬರಿನಲ್ಲಿ ಡಬ್ಲ್ಯು3ಸಿಯ ಶಿಫಾರಸಾಯಿತು. ಪುಕ್ಕಟೆ ಸಿಗುತ್ತಿದೆ ಎಂಬುದು ಬೇರೆ, ಮುಕ್ತವಾಗಿದೆ ಎಂಬುದು ಬೇರೆ ಎಂದು ಒಂದಿಡೀ ಪೀಳಿಗೆಯ ಪ್ರೋಗ್ರಾಮರುಗಳು ಆಗ ಕಲಿತರು.

ಕನ್ನಡಿಗರಿಗೆ ಇದನ್ನು ಹೊರಗಿನಿಂದ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಭಾಷೆ ಕಂಪ್ಯೂಟರಿಗೆ ಬಂದ ದಾರಿಯೇ ಪ್ರೊಟೊಟೈಪುಗಳ ಉದ್ದನೆಯ ಸಾಲು. ಡಿಟಿಪಿ ಕಾಲದಲ್ಲಿ ಒಂದೊಂದು ತಂತ್ರಾಂಶ ಒಂದೊಂದು ರೀತಿಯಲ್ಲಿ ಕನ್ನಡದ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿತು. ಪುಟದ ಮೇಲೆ ಅಚ್ಚಾಗಿ ಬಂದರೆ ಸಾಕು ಎಂಬ ಗುರಿಗೆ ಅದು ಸಮರ್ಪಕವಾಗಿಯೇ ಇತ್ತು. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಆಗಿರಲಿಲ್ಲ. ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಹುಡುಕಾಟವಿಲ್ಲ, ಅಕಾರಾದಿ ವಿಂಗಡಣೆಯಿಲ್ಲ. ಹಾಗೆಂದು ಶಿಷ್ಟತೆಯ ಪ್ರಯತ್ನವೇ ಆಗಿರಲಿಲ್ಲ ಎಂದಲ್ಲ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಕೊಟ್ಟ ಇಸ್ಕಿ 1991ರಲ್ಲಿ ಭಾರತೀಯ ಮಾನಕವಾಗಿ ಬಂದಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯುನಿಕೋಡ್ ತನ್ನ ಭಾರತೀಯ ಲಿಪಿಗಳ ವಿಭಾಗಗಳನ್ನು ಇಸ್ಕಿಯ 1988ರ ರೂಪದಿಂದಲೇ ಎತ್ತಿಕೊಂಡಿತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಸರ್ಕಾರದ ಮನ್ನಣೆ ಪಡೆಯಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಇವರೆಲ್ಲರ ಶ್ರಮದಿಂದಲೇ ಕನ್ನಡ ಪರದೆಯ ಮೇಲೆ ಮೂಡಿತು. ಅದರ ಬಗ್ಗೆ ನನಗೆ ಗೌರವವಿದೆ. ಯುನಿಕೋಡ್ ಕನ್ನಡ ಸಾಮಾನ್ಯರ ಯಂತ್ರಗಳಿಗೆ ಬಂದದ್ದು ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ. ಅಷ್ಟರಲ್ಲಿ ಪತ್ರಿಕೆಗಳ, ಪ್ರಕಾಶಕರ, ಕಚೇರಿಗಳ ಅಪಾರ ಬರಹ ಹಳೆಯ ಸಂಕೇತಗಳಲ್ಲಿ ಶೇಖರವಾಗಿಬಿಟ್ಟಿತ್ತು. ಇಂದಿಗೂ ಪುಸ್ತಕದ ಕಡತವೊಂದನ್ನು ಕನ್ವರ್ಟರಿಗೆ ಹಾಕಿ, ಒತ್ತಕ್ಷರಗಳು ಕೆಟ್ಟುಹೋದ ಕಡೆಯೆಲ್ಲ ಕೈಯಿಂದ ತಿದ್ದುವ ಕೆಲಸ ರಾಜ್ಯದ ಅನೇಕ ಮುದ್ರಣಾಲಯಗಳಲ್ಲಿ ನಡೆದೇ ಇದೆ. ಅಚ್ಚಿಗೆ ಸಾಕಾದ ಮಾದರಿ ಭಾಷೆಯ ಭಂಡಾರವಾಗಿ ಬೆಳೆದದ್ದರ ಬೆಲೆ ಇದು.

ಯುನಿಕೋಡ್ ಬಳಸಿದೆವು ಎಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕನ್ನಡದ ಪ್ರೊಟೊಟೈಪುಗಳು ಹೆಚ್ಚಾಗಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. 'ಗೀತಾ' ಎಂಬ ಹೆಸರನ್ನು ತೆಗೆದುಕೊಳ್ಳಿ. 'ಗೀ'ಯಲ್ಲಿರುವ ದೀರ್ಘ ಈಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಇಲ್ಲವೇ ಹ್ರಸ್ವ ಇಕಾರದ ಚಿಹ್ನೆ, ಅದರ ಮುಂದೆ ದೀರ್ಘದ ಚಿಹ್ನೆ, ಹೀಗೆ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಅವು ಎರಡು ಬೇರೆ ಪದಗಳು. ಒಬ್ಬ ಆಪರೇಟರ್ ಒಂದು ರೀತಿ, ಇನ್ನೊಬ್ಬ ಆಪರೇಟರ್ ಇನ್ನೊಂದು ರೀತಿ ನಮೂದಿಸಿದರೆ ಪಟ್ಟಿಯಲ್ಲಿ ಇಬ್ಬರು ಗೀತಾ ಹುಟ್ಟುತ್ತಾರೆ, ಹುಡುಕಿದರೆ ಒಬ್ಬರೇ ಸಿಗುತ್ತಾರೆ. ಕೇ, ಕೈ, ಕೊ, ಕೋಗಳಲ್ಲಿಯೂ ಇದೇ ಪಾಡು. 'ಕೋ'ದ ಚಿಹ್ನೆಯನ್ನು ಮೂರು ತುಂಡಾಗಿ ಬಿಡಿಸಿ ಬರೆಯಲೂ ಸಾಧ್ಯ. ಇದಕ್ಕೆ ಯುನಿಕೋಡ್ ಶಿಷ್ಟತೆಯೊಳಗೇ ಮದ್ದಿದೆ. ನಾರ್ಮಲೈಸೇಶನ್ ಎಂಬ ನಿಯಮದ ಪ್ರಕಾರ ಎಲ್ಲ ರೂಪಗಳನ್ನೂ ಒಂದೇ ರೂಪಕ್ಕೆ ತಂದು ಉಳಿಸಬೇಕು. ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಇದು ಒಂದು ಸಾಲಿನ ಕೆಲಸ. ಆ ಒಂದು ಸಾಲು ಮೊದಲ ದಿನ ಇದ್ದರೆ ಸಮಸ್ಯೆ ಹುಟ್ಟುವುದೇ ಇಲ್ಲ.

'ರ‍್ಯಾಂಕ್' ಇನ್ನೂ ಸೂಕ್ಷ್ಮ. 'ಸೂರ್ಯ'ದಲ್ಲಿ ಬರುವ ಅರ್ಕಾವತ್ತು ಬೇಡ, ರಕಾರ ಪೂರ್ತಿಯಾಗಿ ಕಂಡು ಕೆಳಗೆ ಯ ಒತ್ತಾಗಬೇಕು ಎಂದರೆ ರಕಾರದ ನಂತರ ಕಣ್ಣಿಗೆ ಕಾಣದ ಜೋಡಕವೊಂದನ್ನು ಹಾಕಬೇಕು. ಬಳಕೆದಾರ ತಪ್ಪು ಒತ್ತಿದ್ದಾನೆ ಎಂದು ಭಾವಿಸಿ ಆ ಕಾಣದ ಸಂಕೇತವನ್ನು ಕಿತ್ತುಹಾಕುವ ತಂತ್ರಾಂಶಗಳಿವೆ. ಆಗ ಓದುವವರಿಗೆ 'ರ್ಯಾಂಕ್' ಎಂದು ಅರ್ಕಾವತ್ತಿನ ರೂಪ ಕಾಣುತ್ತದೆ. ಆ ಕಾಣದ ಸಂಕೇತವನ್ನು ಉಳಿಸಿಕೊಂಡರೆ, ಅದಿಲ್ಲದೆ ಬರೆದ ಪದದೊಂದಿಗೆ ಹುಡುಕಾಟ ಹೊಂದುವುದಿಲ್ಲ. ಉಳಿಸುವಾಗ ಹಾಗೇ ಉಳಿಸಿ, ಹೋಲಿಸುವಾಗ ಮಾತ್ರ ಕಡೆಗಣಿಸುವುದು ಸರಿಯಾದ ದಾರಿ. ಇದನ್ನು ಸ್ವಂತ ಬುದ್ಧಿಯಿಂದ ಕಂಡುಹಿಡಿಯಲು ಒಂದು ತಂಡಕ್ಕೆ ತಿಂಗಳುಗಳೇ ಬೇಕಾಗಬಹುದು. ಶಿಷ್ಟತೆಯನ್ನು ಓದಿದವರಿಗೆ ಒಂದು ಮಧ್ಯಾಹ್ನ ಸಾಕು.

ಶಿಷ್ಟತೆಗಳನ್ನು ನಾನು ನಿಯಮಗಳ ಪಟ್ಟಿ ಎಂದು ಓದುವುದಕ್ಕಿಂತ ಹಿಂದಿನವರ ಅನುಭವದ ದಾಖಲೆ ಎಂದು ಓದುತ್ತೇನೆ. ಬಸ್ ವೇಳಾಪಟ್ಟಿಯ ಜಿಟಿಎಫ್‌ಎಸ್ ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಟ್ರೈಮೆಟ್ ಸಾರಿಗೆ ಸಂಸ್ಥೆಯ ಬಿಬಿಯಾನಾ ಮೆಕ್‌ಹ್ಯೂ, ಗೂಗಲ್‌ನ ಕ್ರಿಸ್ ಹ್ಯಾರೆಲ್ಸನ್ ಜೊತೆ ಸೇರಿ ಇದನ್ನು ಶುರುಮಾಡಿದರು. ಅದೂ ಪ್ರೊಟೊಟೈಪೇ, ಅಲ್ಪವಿರಾಮಗಳಿಂದ ಬೇರ್ಪಟ್ಟ ಸಾಲುಗಳ ಕೆಲವು ಪಠ್ಯಕಡತಗಳನ್ನು ಜಿಪ್ ಮಾಡಿದರೆ ಆಯಿತು. ನಿಲ್ದಾಣಗಳಿಗೊಂದು ಕಡತ, ಮಾರ್ಗಗಳಿಗೊಂದು, ಟ್ರಿಪ್‌ಗಳಿಗೊಂದು, ಯಾವ ನಿಲ್ದಾಣಕ್ಕೆ ಎಷ್ಟು ಗಂಟೆಗೆ ಎಂಬುದಕ್ಕೊಂದು. ಈ ಕೊನೆಯ ಕಡತದಲ್ಲಿ 25:10:00 ಎಂಬ ಸಮಯ ಕಾಣಿಸಬಹುದು. ಮೊದಲ ಸಲ ನೋಡಿದವರು ತಪ್ಪೆಂದು ತಿದ್ದಲು ಹೋಗುತ್ತಾರೆ. ಶನಿವಾರ ರಾತ್ರಿ 11:40ಕ್ಕೆ ಹೊರಟ ಬಸ್ಸು ಒಂದೂ ಹತ್ತಕ್ಕೆ ಕೊನೆಯ ನಿಲ್ದಾಣ ತಲುಪಿದರೆ ಕ್ಯಾಲೆಂಡರಿನ ಪ್ರಕಾರ ಭಾನುವಾರವಾಗಿರುತ್ತದೆ, ಆದರೆ ಡಿಪೊ ಲೆಕ್ಕದಲ್ಲಿ ಅದು ಶನಿವಾರದ ಟ್ರಿಪ್ಪೇ. 24 ದಾಟಿ ಎಣಿಸುವುದರಿಂದ ಆ ಟ್ರಿಪ್ ತುಂಡಾಗುವುದಿಲ್ಲ. ಊರಿನ ಬಸ್ಸುಗಳ ಆ್ಯಪ್ ಮಾಡಲು ಹೊರಟ ವಿದ್ಯಾರ್ಥಿ ತನ್ನದೇ ಟೇಬಲ್ ರಚಿಸಿಕೊಂಡರೆ ನಡುರಾತ್ರಿಯ ಬಸ್ಸು ತಪ್ಪುವ ತನಕ ಇದು ಹೊಳೆಯುವುದಿಲ್ಲ. ಜಿಟಿಎಫ್‌ಎಸ್‌ನಿಂದ ಹೊರಟರೆ ಅದರ ಜೊತೆಗೆ ನಕ್ಷೆ ತೋರಿಸುವ, ಮಾರ್ಗ ಹುಡುಕುವ, ತಪ್ಪು ಪರೀಕ್ಷಿಸುವ ಸಿದ್ಧ ಸಲಕರಣೆಗಳೂ ಸಿಗುತ್ತವೆ.

ಆರೋಗ್ಯ ಕ್ಷೇತ್ರದ ಫೈರ್ ಶಿಷ್ಟತೆಯಲ್ಲಿ ಜನ್ಮದಿನಾಂಕದ ಜಾಗದಲ್ಲಿ ಬರೀ 1962 ಎಂದು ಬರೆಯಲು ಅನುಮತಿಯಿದೆ. ಗೊತ್ತಿರುವುದು ವರ್ಷ ಮಾತ್ರ ಎಂದು ಅದರ ಅರ್ಥ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹಿರಿಯರಿಗೆ ಹುಟ್ಟಿದ ದಿನ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಜೀವನಪೂರ್ತಿ ಉಳಿಯುತ್ತದೆ. ದಿನ, ತಿಂಗಳು, ವರ್ಷ ಮೂರನ್ನೂ ಕಡ್ಡಾಯಗೊಳಿಸಿದ ಅರ್ಜಿಯೊಂದು ಇಂಥ ಸುಳ್ಳು ದಿನಾಂಕಗಳನ್ನು ತಾನೇ ಸೃಷ್ಟಿಸುತ್ತದೆ, ಮತ್ತು ಯಾವುದು ನಿಜ, ಯಾವುದು ತುಂಬಿಸಿದ್ದು ಎಂದು ಮುಂದೆ ಯಾರಿಗೂ ತಿಳಿಯುವುದಿಲ್ಲ. ಹೆಸರಿನ ವಿಷಯವೂ ಹಾಗೆಯೇ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಪೆಟ್ಟಿಗೆ ಇಟ್ಟರೆ ಊರಿನ ಹೆಸರಿನ ಇನಿಷಿಯಲ್, ತಂದೆಯ ಹೆಸರಿನ ಇನಿಷಿಯಲ್ ಇಟ್ಟುಕೊಂಡವರು ಏನು ತುಂಬಬೇಕು? ಫೈರ್ ಇಡೀ ಹೆಸರನ್ನು ಒಂದೇ ಪಠ್ಯವಾಗಿಯೂ ಇಟ್ಟುಕೊಳ್ಳುತ್ತದೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇದೇ ಶಿಷ್ಟತೆಯನ್ನು ಬಳಸುವುದರಿಂದ ಆಸ್ಪತ್ರೆಗೆಂದು ಮಾದರಿ ಕಟ್ಟುವ ನಮ್ಮ ಹುಡುಗರಿಗೆ ಇದು ದೂರದ ವಿಷಯವೇನಲ್ಲ.

ದಿನಾಂಕದ ಮಾತು ಬಂದದ್ದರಿಂದ ಒಂದು ಚಿಕ್ಕ ವಿಷಯ. 03/04/2024 ನಮಗೆ ಏಪ್ರಿಲ್ 3, ಅಮೆರಿಕದಲ್ಲಿ ಕೂತು ಎಕ್ಸೆಲ್ ತೆರೆದವರಿಗೆ ಮಾರ್ಚ್ 4. ಐಎಸ್‌ಒ 8601 ಪ್ರಕಾರ 2024-04-03 ಎಂದು ಬರೆದರೆ ಗೊಂದಲವಿಲ್ಲ, ಮೇಲಾಗಿ ಪಠ್ಯವಾಗಿ ವಿಂಗಡಿಸಿದರೂ ಕಾಲಾನುಕ್ರಮದಲ್ಲೇ ಬರುತ್ತದೆ. ಸ್ಥಳದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಇಂಟರ್ನೆಟ್ಟಿನ ಶಿಷ್ಟತೆಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯ ಶಿಷ್ಟತೆಯಾಗಿ 2016ರಲ್ಲಿ ಬಂದ ಜಿಯೋಜೇಸನ್‌ನಲ್ಲಿ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ಜನಪ್ರಿಯ ನಕ್ಷೆ ಲೈಬ್ರರಿಗಳಲ್ಲಿ ಹಲವು ಇದಕ್ಕೆ ತದ್ವಿರುದ್ಧ. ಬೆಂಗಳೂರಿನ 12.97, 77.59 ಅದಲುಬದಲಾದರೆ ಗುರುತು ಹೋಗಿ ಕೂರುವುದು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿ, ಆರ್ಕ್ಟಿಕ್ ಸಮುದ್ರದಲ್ಲಿ. ಅಷ್ಟು ದೂರ ಹೋದದ್ದು ಕಣ್ಣಿಗೆ ಬೀಳುತ್ತದೆ, ಸರಿಪಡಿಸಬಹುದು. ಅಕ್ಷಾಂಶ ರೇಖಾಂಶಗಳು ಒಂದಕ್ಕೊಂದು ಹತ್ತಿರವಿರುವ ಊರುಗಳಲ್ಲಿ ಈ ತಪ್ಪು ಬೇಗ ಗೊತ್ತಾಗುವುದೇ ಇಲ್ಲ.

ಇನ್ನು ವೇಗದ ಪ್ರಶ್ನೆ. ಶಿಷ್ಟತೆಯಿಂದ ಪ್ರೊಟೊಟೈಪ್ ನಿಧಾನವಾಗುತ್ತದೆ ಎಂಬ ದೂರು, ತಂತ್ರಾಂಶಗಳು ಪರಸ್ಪರ ಮಾತಾಡುವ ಎಪಿಐಗಳ ವಿಷಯದಲ್ಲಂತೂ ಸಲ್ಲದು. ಸ್ವ್ಯಾಗರ್ ಎಂದು ಶುರುವಾಗಿ, 2015ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಬಂದು ಓಪನ್‌ಎಪಿಐ ಎಂದಾದ ವಿವರಣಾ ವಿಧಾನವನ್ನು ನೋಡಿ. ಗ್ರಂಥಾಲಯದ ಪುಸ್ತಕ ಹುಡುಕುವ ಆ್ಯಪ್ ಮಾಡಬೇಕಿದೆ ಎನ್ನೋಣ. ಏನು ಕೇಳಿದರೆ ಏನು ಬರಬೇಕು, ಶೀರ್ಷಿಕೆ, ಲೇಖಕರು, ಕಪಾಟಿನ ಸಂಖ್ಯೆ ಯಾವ ರೂಪದಲ್ಲಿರಬೇಕು, ಪುಸ್ತಕ ಸಿಗದಿದ್ದರೆ ಯಾವ ಉತ್ತರ ಎಂಬುದನ್ನು ಮೊದಲು ಒಂದು ಕಡತದಲ್ಲಿ ಬರೆದಿಡುತ್ತಾರೆ. ಪ್ರಿಸಂ ಥರದ ಸಲಕರಣೆಗೆ ಆ ಕಡತ ಕೊಟ್ಟರೆ ಹಿಂದೆ ಡೇಟಾಬೇಸೇ ಇಲ್ಲದೆ ಮಾದರಿ ಉತ್ತರ ಕೊಡುವ ಅಣಕು ಸರ್ವರ್ ಕೆಲವೇ ನಿಮಿಷದಲ್ಲಿ ಸಿದ್ಧ. ಪರದೆ ವಿನ್ಯಾಸ ಮಾಡುವವರು ಸರ್ವರ್ ತಂಡಕ್ಕಾಗಿ ಕಾಯಬೇಕಿಲ್ಲ. ಗ್ರಂಥಪಾಲಕರಿಗೆ ಅಂದೇ ತೋರಿಸಿ, ಒಂದೇ ಪುಸ್ತಕದ ಹಲವು ಪ್ರತಿಗಳ ಬಗ್ಗೆ ಅವರು ಎತ್ತುವ ಪ್ರಶ್ನೆಯನ್ನು ಅಂದೇ ಕಡತಕ್ಕೆ ಸೇರಿಸಬಹುದು. ಪ್ರೊಟೊಟೈಪಿನ ನಿಜವಾದ ಉದ್ದೇಶವೇ ಇಂಥ ಪ್ರಶ್ನೆಗಳನ್ನು ಬೇಗ ಹೊರಗೆ ತರುವುದಲ್ಲವೆ. ಹಾರ್ಡ್‌ವೇರ್ ಪ್ರಯೋಗಗಳಲ್ಲಿ ಎಂಕ್ಯುಟಿಟಿ ಇದೇ ಕೆಲಸ ಮಾಡುತ್ತದೆ. ಐಬಿಎಂನ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಇನ್ನೊಂದು ಕಂಪನಿಯ ಆರ್ಲೆನ್ ನಿಪ್ಪರ್ 1999ರಲ್ಲಿ ತೈಲ ಕೊಳವೆಮಾರ್ಗಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ರೂಪಿಸಿದ ಈ ಹಗುರ ಪ್ರೊಟೊಕಾಲ್ ಇಂದು ಹೊಲದ ತೇವಾಂಶ ಅಳೆಯುವ ಅಗ್ಗದ ಸೆನ್ಸರಿಗೂ ಒದಗುತ್ತದೆ. ಸೆನ್ಸರ್ ಬದಲಾದರೂ ಸಂದೇಶ ಹೋಗುವ ದಾರಿ ಬದಲಾಗುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಶಿಷ್ಟತೆಯಿಂದ ಪ್ರೊಟೊಟೈಪಿಗೆ ಆಗುವ ಉಪಕಾರ. ಇದಕ್ಕೆ ಇನ್ನೊಂದು ದಿಕ್ಕಿದೆ, ಅದರ ಬಗ್ಗೆ ಚರ್ಚೆ ಕಡಿಮೆ. ಒಳ್ಳೆಯ ಶಿಷ್ಟತೆಗಳು ಹುಟ್ಟುವುದೇ ಪ್ರೊಟೊಟೈಪಿನಿಂದ. ಜಾಲಗಳ ಪರಸ್ಪರ ಜೋಡಣೆಗೆ ಐಎಸ್‌ಒ ಸಮಿತಿಗಳು ಏಳು ಪದರಗಳ ಒಎಸ್‌ಐ ಮಾದರಿಯನ್ನು 1984ರಲ್ಲಿ ಪ್ರಕಟಿಸಿದವು. ಅನೇಕ ಸರ್ಕಾರಗಳ ಬೆಂಬಲ ಅದಕ್ಕಿತ್ತು. ಗೆದ್ದದ್ದು ಮಾತ್ರ ಇಂದಿನ ಇಂಟರ್ನೆಟ್ಟಿನ ಬುನಾದಿಯಾದ ಟಿಸಿಪಿ/ಐಪಿ. ಸ್ಟೀವ್ ಕ್ರಾಕರ್ 1969ರ ಏಪ್ರಿಲ್ 7ರಂದು ಬರೆದ, ಜಾಲದ ತಾಂತ್ರಿಕ ದಾಖಲೆಗಳ ಸರಣಿಯ ಮೊದಲ ಆರ್‌ಎಫ್‌ಸಿಯಿಂದ ಬೆಳೆದು ಬಂದ ಸಂಪ್ರದಾಯದಲ್ಲಿ ದಾಖಲೆಯ ಜೊತೆಗೆ ಓಡುವ ಕೋಡ್ ಇರಬೇಕಿತ್ತು. ಐಇಟಿಎಫ್‌ನ 1992ರ ಸಭೆಯಲ್ಲಿ ಡೇವಿಡ್ ಕ್ಲಾರ್ಕ್ ಈ ಮನೋಧರ್ಮಕ್ಕೆ ಮಾತು ಕೊಟ್ಟರು: ಮತ ಹಾಕಿ ನಿರ್ಧರಿಸುವ ಬದಲು ಸ್ಥೂಲ ಒಮ್ಮತ ಮತ್ತು ಓಡುವ ಕೋಡನ್ನು ನಂಬಬೇಕು ಎಂದರು. 1996ರಲ್ಲಿ ಲಿಖಿತವಾದ ಐಇಟಿಎಫ್ ನಿಯಮಗಳ ಪ್ರಕಾರ ಒಂದು ಪ್ರಸ್ತಾವ ಮೇಲಿನ ಹಂತಕ್ಕೆ ಹೋಗಬೇಕಾದರೆ ಬೇರೆ ಬೇರೆಯವರು ಸ್ವತಂತ್ರವಾಗಿ ಬರೆದ ಕನಿಷ್ಠ ಎರಡು ತಂತ್ರಾಂಶಗಳು ಪರಸ್ಪರ ಮಾತಾಡಿ ತೋರಿಸಬೇಕಿತ್ತು. ಒಬ್ಬರೇ ಬರೆದು ಒಬ್ಬರೇ ಓಡಿಸಿದರೆ ದಾಖಲೆಯಲ್ಲಿ ಬಿಟ್ಟುಹೋದ ಸಂಗತಿಗಳು ಅವರ ತಲೆಯೊಳಗೇ ಉಳಿದುಬಿಡುತ್ತವೆ. ದಾಖಲೆಯನ್ನಷ್ಟೇ ಓದಿ ಇನ್ನೊಬ್ಬರು ಬರೆದಾಗ ಅವು ಬೆಳಕಿಗೆ ಬರುತ್ತವೆ.

ವೆಬ್‌ನ ಇತ್ತೀಚಿನ ಇತಿಹಾಸ ಇದನ್ನೇ ಮತ್ತೆ ತೋರಿಸಿತು. ಗೂಗಲ್ 2009ರಲ್ಲಿ ವೆಬ್ ಪುಟಗಳನ್ನು ಬೇಗ ತಲುಪಿಸಲು ಸ್ಪೀಡಿ ಎಂಬ ಪ್ರಯೋಗ ಶುರುಮಾಡಿತು. ಅದರ ಅಡಿಪಾಯದ ಮೇಲೆ 2015ರಲ್ಲಿ ಎಚ್‌ಟಿಟಿಪಿ/2 ಬಂತು, ಸ್ಪೀಡಿಯನ್ನು ಅದರ ಜನಕರೇ ಕೈಬಿಟ್ಟರು. ಕ್ವಿಕ್ ಕೂಡ ಗೂಗಲ್‌ನೊಳಗಿನ ಪ್ರಯೋಗವಾಗಿಯೇ ಆರಂಭವಾದದ್ದು. ಐಇಟಿಎಫ್‌ಗೆ ಬಂದ ಮೇಲೆ ಅದರ ಸ್ವಂತ ಗೂಢಲಿಪಿ ವ್ಯವಸ್ಥೆ ಹೋಗಿ ಟಿಎಲ್‌ಎಸ್ 1.3 ಬಂತು. 2021ರ ಮೇ ತಿಂಗಳಿನಲ್ಲಿ ಶಿಷ್ಟತೆಯಾಗಿ ಹೊರಬಂದಾಗ ಮೂಲ ಪ್ರಯೋಗದೊಂದಿಗೆ ಅದು ನೇರವಾಗಿ ಮಾತಾಡಲೂ ಆಗದಷ್ಟು ಬದಲಾಗಿತ್ತು. ಪ್ರೊಟೊಟೈಪ್ ಬಿಸಾಡಲು ನಿಜವಾಗಿ ಸಾಧ್ಯವಾದದ್ದು ಇಂಥ ಕಡೆಗಳಲ್ಲಿ ಎಂಬುದನ್ನು ಗಮನಿಸಬೇಕು. ಹಳೆಯದನ್ನು ಬಿಟ್ಟರೂ ನಿಲ್ಲಲು ಎಲ್ಲರೂ ಒಪ್ಪಿದ ಹೊಸ ನೆಲ ಅಲ್ಲಿತ್ತು. ಫೈರ್ ಬಗ್ಗೆ ಮೇಲೆ ಹೇಳಿದೆ. ಅದರ ಹಿಂದಿನ ಎಚ್‌ಎಲ್7 ಮೂರನೇ ಆವೃತ್ತಿ ವರ್ಷಗಟ್ಟಲೆ ಸಮಿತಿಗಳಲ್ಲಿ ಬೆಳೆದು, ಬಳಸುವವರಿಗೆ ಹೊರಲಾರದ ಭಾರವಾಯಿತು. ಆಸ್ಟ್ರೇಲಿಯಾದ ಗ್ರೇಮ್ ಗ್ರೀವ್ 2011ರಲ್ಲಿ ಹಗುರವಾದ ಹೊಸ ಕರಡು ಮುಂದಿಟ್ಟರು. 2012ರಿಂದ ಕನೆಕ್ಟಥಾನ್‌ಗಳು ಶುರುವಾದವು. ಪ್ರತಿಸ್ಪರ್ಧಿ ಕಂಪನಿಗಳ ಎಂಜಿನಿಯರುಗಳು ಒಂದೇ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು, ಒಬ್ಬರ ಪ್ರೊಟೊಟೈಪಿನಿಂದ ರೋಗಿಯ ವಿವರ ಇನ್ನೊಬ್ಬರದಕ್ಕೆ ಹೋಗುತ್ತದೆಯೇ ಎಂದು ನೋಡುತ್ತಾರೆ. ಹೋಗದಿದ್ದರೆ ತಪ್ಪು ಕೋಡಿನದೋ ಕರಡಿನದೋ ಎಂಬ ಚರ್ಚೆ ಅಲ್ಲೇ ಆಗುತ್ತದೆ. ನನ್ನ ತಿಳಿವಳಿಕೆಯಲ್ಲಿ ಶಿಷ್ಟತೆ ರೂಪಿಸುವ ಅತ್ಯಂತ ಆರೋಗ್ಯಕರ ವಿಧಾನ ಇದು.

ಪ್ರಯೋಗ ಅಕಾಲದಲ್ಲಿ ಗಟ್ಟಿಯಾಗಿಬಿಡುವ ಅಪಾಯವೂ ಇದೆ. ಬ್ರೌಸರುಗಳು ವೆಬ್ ಪುಟದ ವಿನ್ಯಾಸಕ್ಕೆ ಬೇಕಾದ ಹೊಸ ಸಿಎಸ್‌ಎಸ್ ಗುಣಗಳನ್ನು ಪ್ರಯೋಗಕ್ಕೆಂದು ತಮ್ಮ ಹೆಸರಿನ ಮುನ್ನೊತ್ತು (ಪ್ರಿಫಿಕ್ಸ್) ಹಾಕಿ ಬಿಡುಗಡೆ ಮಾಡುತ್ತಿದ್ದ ಕಾಲವಿತ್ತು. ಮುನ್ನೊತ್ತು ಇದ್ದರೆ ಇದು ತಾತ್ಕಾಲಿಕ ಎಂದು ಅರ್ಥ. ಐಫೋನ್ ಬಂದ ಮೇಲೆ ಅದರ ಬ್ರೌಸರಿನ ಎಂಜಿನ್ ಆದ ವೆಬ್‌ಕಿಟ್ ಮುನ್ನೊತ್ತಿನ ಗುಣಗಳನ್ನೇ ನಂಬಿ ಅಸಂಖ್ಯ ಮೊಬೈಲ್ ತಾಣಗಳು ಹುಟ್ಟಿಕೊಂಡವು. ಕೊನೆಗೆ 2012ರಲ್ಲಿ ಒಪೆರಾ ತನ್ನದಲ್ಲದ ವೆಬ್‌ಕಿಟ್ ಮುನ್ನೊತ್ತನ್ನೇ ಬೆಂಬಲಿಸಲು ಮುಂದಾಯಿತು, ಇತರರೂ ಆಮೇಲೆ ಆ ದಾರಿ ಹಿಡಿದರು. ತಾತ್ಕಾಲಿಕ ಹೆಸರುಗಳು ಇಂದು ಶಿಷ್ಟತೆಯ ದಾಖಲೆಯಲ್ಲೇ ಶಾಶ್ವತವಾಗಿ ಕೂತಿವೆ. ಕ್ರೋಮ್ ಇದರಿಂದ ಪಾಠ ಕಲಿತು ಅವಧಿ ಮುಗಿದ ಕೂಡಲೇ ನಿಂತುಹೋಗುವ ಪ್ರಯೋಗಗಳ ಪದ್ಧತಿ ತಂದಿತು. ಜಾನ್ ಪೋಸ್ಟೆಲ್ 1980ರ ಸುಮಾರಿಗೆ ಹೇಳಿದ್ದ ತತ್ತ್ವವೂ ಈಗ ಮರುವಿಮರ್ಶೆಗೆ ಒಳಗಾಗಿದೆ: ಕಳಿಸುವಾಗ ಕಟ್ಟುನಿಟ್ಟಾಗಿರಿ, ಸ್ವೀಕರಿಸುವಾಗ ಉದಾರವಾಗಿರಿ ಎಂಬುದು ಆ ತತ್ತ್ವ. ಉದಾರವಾಗಿ ಸ್ವೀಕರಿಸುತ್ತ ಹೋದರೆ ತಪ್ಪು ಕಳಿಸುವವರಿಗೆ ತಪ್ಪು ತಿಳಿಯುವುದೇ ಇಲ್ಲ, ಕ್ರಮೇಣ ಆ ತಪ್ಪೇ ಪದ್ಧತಿಯಾಗುತ್ತದೆ ಎಂದು 2023ರಲ್ಲಿ ಬಂದ ಆರ್‌ಎಫ್‌ಸಿ 9413 ವಾದಿಸುತ್ತದೆ. ಪ್ರೊಟೊಟೈಪ್ ಹಂತದಲ್ಲಂತೂ ನಾನು ಪೂರ್ತಿ ಈ ಎರಡನೆಯ ವಾದದ ಪಕ್ಷ. ಶಿಷ್ಟತೆಗೆ ಹೊಂದದ ಡೇಟಾ ಬಂದರೆ ಮಾದರಿ ನಿಂತುಹೋಗಲಿ. ಆಗ ತಪ್ಪು ಮೊದಲ ವಾರದಲ್ಲೇ ಸಿಗುತ್ತದೆ.

ಬೆಂಗಳೂರಿನಲ್ಲಿ ಕಣ್ಣೆದುರೇ ನಡೆದ ಪ್ರಯೋಗ 'ನಮ್ಮ ಯಾತ್ರಿ'. ಬೆಕನ್ ಎಂಬ ಮುಕ್ತ ಪ್ರೊಟೊಕಾಲಿನ ಮೇಲೆ ನಿಂತ ಈ ಆಟೊ ಆ್ಯಪ್ 2022ರ ನವೆಂಬರಿನಲ್ಲಿ ಆಟೊ ಚಾಲಕರ ಸಂಘದ ಬೆಂಬಲದೊಂದಿಗೆ ಬಂತು. ಬೆಕನ್ ಕೊಳ್ಳುವವರ ಆ್ಯಪನ್ನೂ ಸೇವೆ ಕೊಡುವವರ ಆ್ಯಪನ್ನೂ ಬೇರ್ಪಡಿಸುತ್ತದೆ. ಪ್ರಯಾಣಿಕನ ಕಡೆಯಿಂದ ಹುಡುಕಾಟದ ಸಂದೇಶ ಹೋಗುತ್ತದೆ, ಅದಕ್ಕೆ ಉತ್ತರ ತುಸು ತಡವಾಗಿ ಬೇರೆಯದೇ ಕರೆಯಾಗಿ ಬರುತ್ತದೆ. ಆಯ್ಕೆ, ದೃಢೀಕರಣ, ರದ್ದತಿಗಳಿಗೂ ಇದೇ ಜೋಡಿ ಕ್ರಮ. ಆಟೊ ಸವಾರಿಗೂ ದಿನಸಿ ಸಾಮಾನಿಗೂ ಒಂದೇ ಚೌಕಟ್ಟು, ಡಿಜಿಟಲ್ ವ್ಯಾಪಾರದ ಮುಕ್ತ ಜಾಲವಾದ ಒಎನ್‌ಡಿಸಿ ನಡೆಯುವುದೂ ಇದರ ಮೇಲೆಯೇ. ಕೊಚ್ಚಿಯಲ್ಲಿ ಇದಕ್ಕೂ ಮುಂಚೆ ಇಂಥದೇ ಜಾಲದ ಪ್ರಯತ್ನವಾಗಿತ್ತು. ಹೊಸಬರೊಬ್ಬರು ಮಾದರಿ ಆ್ಯಪ್ ಕಟ್ಟಿದರೆ ಚಾಲಕರನ್ನು ಶೂನ್ಯದಿಂದ ಕೂಡಿಸಬೇಕಾಗಿಲ್ಲ, ಜಾಲದಲ್ಲಿರುವವರನ್ನು ತಲುಪಬಹುದು ಎಂಬುದು ಇದರ ಭರವಸೆ. ಪ್ರೊಟೊಟೈಪಿಗೂ ನಿಜವಾದ ಬಳಕೆಗೂ ನಡುವಿನ ಕಂದಕ ಎಷ್ಟು ಅಗಲ ಎಂದು ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಆದರೆ ಪ್ರೊಟೊಕಾಲ್ ಮುಕ್ತವಾದ ಮಾತ್ರಕ್ಕೆ ಜಾಲ ತಾನಾಗಿ ತುಂಬುವುದಿಲ್ಲ. ನೋಂದಣಿ ಯಾರ ಕೈಯಲ್ಲಿದೆ, ದೂರು ಬಂದರೆ ಹೊಣೆ ಯಾರದು ಎಂಬುದನ್ನು ಶಿಷ್ಟತೆಯ ದಾಖಲೆಯೊಂದೇ ತೀರ್ಮಾನಿಸಲಾರದು.

ಹಾಗಾದರೆ ಎಲ್ಲ ಕಡೆಯೂ ಶಿಷ್ಟತೆ ಹಿಡಿಯಬೇಕೆ? ಇಲ್ಲ. ದಾಖಲೆ ಸಾವಿರಾರು ಪುಟವಿದ್ದು ಅದರ ಚಿಕ್ಕ ತಿರುಳನ್ನು ಬಿಡಿಸಿ ಬಳಸಲು ಆಗದಿದ್ದರೆ ದೂರವಿರುವುದು ಲೇಸು. 2000ನೇ ಇಸವಿಯ ಆಸುಪಾಸಿನಲ್ಲಿ ಬಂದ, ತಂತ್ರಾಂಶಗಳ ನಡುವೆ ಸಂದೇಶ ಸಾಗಿಸುವ ಸೋಪ್ (SOAP) ಮತ್ತು ಅದರ ಪರಿವಾರದ ಶಿಷ್ಟತೆಗಳು ಕಾಗದದ ಮೇಲೆ ಮುಕ್ತವಾಗಿಯೇ ಇದ್ದವು. ಕೆಲಸ ಮಾಡುವವರು ಸರಳವಾದ ಎಚ್‌ಟಿಟಿಪಿ ಮತ್ತು ಜೇಸನ್ ಕಡೆಗೆ ನಡೆದರು. ಒಬ್ಬರೇ ಬಳಸುತ್ತಿರುವ 'ಮುಕ್ತ' ಶಿಷ್ಟತೆಗಿಂತ ಎಲ್ಲರಿಗೂ ಓದಲು ಬರುವ ಸರಳ ಸಿಎಸ್‌ವಿ ಕಡತ ಉತ್ತಮ. ನಾನು ನೋಡುವುದು ಸ್ವತಂತ್ರವಾದ ಎರಡಾದರೂ ಅನುಷ್ಠಾನಗಳಿವೆಯೇ, ಪರೀಕ್ಷಿಸುವ ಸಲಕರಣೆ ಪುಕ್ಕಟೆ ಸಿಗುತ್ತದೆಯೇ ಎಂಬುದನ್ನು. ಐಡಿಯಾವೇ ಹೊಸ ಬಗೆಯದಾಗಿದ್ದು ಅದಕ್ಕೆ ಹೊಂದುವ ಶಿಷ್ಟತೆ ಇಲ್ಲದಿದ್ದರೆ ಸ್ವಂತ ರೂಪ ಮಾಡಿಕೊಳ್ಳಲು ಅಂಜಬೇಕಾಗಿಲ್ಲ. ಅದನ್ನು ಒಂದು ಪುಟದಲ್ಲಿ ಬರೆದಿಟ್ಟರೆ ಸಾಕು. ಲಾಗಿನ್ ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. ಪಾಸ್‌ವರ್ಡ್ ಪರೀಕ್ಷೆಯನ್ನು ಸ್ವಂತವಾಗಿ ಬರೆಯುವ ಬದಲು ಓಪನ್‌ಐಡಿ ಕನೆಕ್ಟ್ ಬಳಸಬೇಕು, ಮಾದರಿಯಾದರೂ ಸರಿ. ಡೆಮೊದಲ್ಲಿ ಕೊಟ್ಟ ಪಾಸ್‌ವರ್ಡನ್ನೇ ಜನ ಬ್ಯಾಂಕಿಗೂ ಇಟ್ಟುಕೊಂಡಿರುತ್ತಾರೆ.

ಕನ್ನಡದಲ್ಲಿ ಪ್ರೊಟೊಟೈಪ್ ಮಾಡುವವರಿಗೆ ಇನ್ನೊಂದು ಬಾಗಿಲು ತೆರೆದಿದೆ. ಬ್ರೌಸರಿನ ಅಂತರರಾಷ್ಟ್ರೀಕರಣ ಎಪಿಐಗೆ ಕನ್ನಡದ ಭಾಷಾಸಂಕೇತ ಕೊಟ್ಟರೆ ತಿಂಗಳು, ವಾರಗಳ ಹೆಸರು ಕನ್ನಡದಲ್ಲಿ ಬರುತ್ತದೆ, ಅಕಾರಾದಿ ವಿಂಗಡಣೆ ಸಿಗುತ್ತದೆ. ಇವೆಲ್ಲ ಬರುವುದು ಯುನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ಭಂಡಾರದಿಂದ. ಫೋನುಗಳೂ ಕಂಪ್ಯೂಟರುಗಳೂ ನೀರು ಸೇದುವುದು ಅದೇ ಬಾವಿಯಿಂದ. ಅದರಲ್ಲಿನ ಒಂದು ಕನ್ನಡ ಪದ ಕೃತಕವಾಗಿದೆ, ಒಂದು ಸಂಕ್ಷೇಪ ಯಾರೂ ಬಳಸದಂಥದ್ದು ಎಂದು ಮೊದಲು ಕಾಣುವುದು ಮಾದರಿ ಕಟ್ಟಿ ಊರಿನವರ ಕೈಗೆ ಕೊಟ್ಟವರಿಗೆ. ಹೆಚ್ಚಿನವರು ಆಗ ತಮ್ಮ ಕೋಡಿನಲ್ಲೇ ಆ ಪದವನ್ನು ಬದಲಿಸಿ ಮುಂದೆ ಹೋಗುತ್ತಾರೆ. ಸಿಎಲ್‌ಡಿಆರ್‌ನ ಸಮೀಕ್ಷಾ ತಾಣದಲ್ಲಿ ಭಾಷೆ ಬಲ್ಲ ಸ್ವಯಂಸೇವಕರು ಖಾತೆ ಪಡೆದು ಬದಲಾವಣೆ ಸೂಚಿಸಬಹುದು, ಇತರರ ಸೂಚನೆಗಳಿಗೆ ಮತ ಹಾಕಬಹುದು. ಅಲ್ಲಿ ಒಪ್ಪಿಗೆಯಾದ ತಿದ್ದುಪಡಿ ಮುಂದಿನ ಬಿಡುಗಡೆಗಳ ಮೂಲಕ ಹೆಚ್ಚುಕಡಿಮೆ ಎಲ್ಲ ಕಂಪನಿಗಳ ಫೋನುಗಳಿಗೂ ಹೋಗಿ ಸೇರುತ್ತದೆ. ಹ್ಯಾಕಥಾನ್ ನಡೆಸುವ ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಕನ್ನಡದ ಆ್ಯಪುಗಳಿಗೆ ಬಹುಮಾನ ಇಡುವಾಗ, ಇಂಥ ಒಂದು ತಿದ್ದುಪಡಿಯನ್ನು ಒಪ್ಪಿಸಿಕೊಂಡು ಬಂದ ತಂಡಕ್ಕೂ ಒಂದು ಬಹುಮಾನ ಇಡಬಹುದು.